ಕಪ್ಪಿನ ಮಾತು ಸಾಕು, ಪಗಾರದ ಮಾತು ಆಡೂಣು

ಹೋದ ಸಲ ಹಚ್ಚಿದ ಅವಲಕ್ಕಿ ಬಗ್ಗೆ ಬರದಿದ್ದೆ, ಅದಕ್ಕಿಂತ ಮೊದಲು ಭಿಶಿ ಬಗ್ಗೆ. ಈ ಸಲ ರಗ್ಬಿ ಆಟದ ಬಗ್ಗೆ ಬರೀತೇನಿ ಅಂದ್ರ ನಗಬ್ಯಾಡ್ರಿ. ನಕ್ರೂ ಅಡ್ಡಿಯಿಲ್ಲ, ಪೂರ್ತಿ ಓದಿ ಆಮ್ಯಾಲೆ ನಗ್ರಿ.

ನಾ ಹೇಳಬೇಕಂತ ಮಾಡಿದ್ದು ಆಟದ ಮಾತಲ್ಲ, ಮನಿ ನಡಸೂ ಮಾತು. ಇಂಗ್ಲಂಡಿನಾಗ ರಗ್ಬಿ ಕ್ಲಬ್ಬುಗಳದು ಎಲ್ಲಾಕಿಂತ ದೊಡ್ಡ ಲೀಗ್ ಒಂದು ಅದ, ಪ್ರೀಮಿಯರ್‌ಶಿಪ್ ಅಂತ ಅದರ ಹೆಸರು. 2022–23ರ ಸೀಸನ್ ಸುರು ಆದಾಗ ಅದರಾಗ 13 ಕ್ಲಬ್ಬು ಇದ್ವು. ಫೈನಲ್ ಮುಗದು ಹತ್ತು ದಿವಸ ಆಗೂದ್ರಾಗ 10 ಉಳದ್ವು. ಮೂರು ಕ್ಲಬ್ಬು ಆಟದಾಗ ಸೋತು ಹೋದದ್ದಲ್ರಿ, ಸಾಲದಾಗ ಮುಳುಗಿ ಹೋದದ್ದು. ಭಾಳ ಮಂದಿ ಇದಕ್ಕ ಕೋವಿಡ್ ಕಾರಣ ಅಂತ ಒಂದ ಮಾತಿನಾಗ ಮುಗಿಸಿಬಿಡ್ತಾರ. ನಾ ಅದನ್ನ ಒಪ್ಪೂದಿಲ್ಲ. ಖರ್ಚಿಗೆ ಮಿತಿ ಹಾಕಿ, ಸಾಲಕ್ಕ ಮಿತಿ ಹಾಕೂದು ಮರತ ಮನಿ ಅದು. ಮತ್ತ ಅದರ ಪೆಟ್ಟು ಬಿದ್ದದ್ದು ಸಾಲಾ ಮಾಡಿದವರಿಗೆ ಭಾಳ ಅಲ್ಲ, ತಿಂಗಳ ಪಗಾರದ ಮ್ಯಾಲ ಮನಿ ನಡಸವರಿಗೆ.

ನಿನಗ್ಯಾಕ ಇದೆಲ್ಲಾ ಅಂತೀರೇನು? ಆ ವರ್ಷ ಮಗಳ ಬಾಣಂತನಕ್ಕ ಅಂತ ನಾ ಕಾವೆಂಟ್ರಿ ಊರಾಗ ಇದ್ದೆ. ಅಳಿಯಂದ್ರದು ಅಲ್ಲೇ ಕಾರಿನ ಕಂಪನ್ಯಾಗ ನೌಕರಿ. ಕೂಸು ಮಲಗಿದಾಗ ನನಗೇನು ಕೆಲಸ? ಸದ್ದು ಸಣ್ಣದು ಮಾಡಿ ಟೀವಿ ನೋಡ್ತಿದ್ದೆ. ಇಂಗ್ಲೀಷ್ ಅಷ್ಟಕ್ಕಷ್ಟ ಆದ್ರೂ ಕೆಳಗ ಬರೂ ಅಕ್ಷರ ಓದಲಿಕ್ಕೆ ಪೀಯೂಸಿ ಸಾಕಾಗ್ತದ. ದಿನಾ ಒಂದ ಸುದ್ದಿ: ಪಗಾರ ಆಗಿಲ್ಲ, ತೆರಿಗಿ ಕಟ್ಟಿಲ್ಲ, ಸಾಲ, ಗಡುವು. ಆಟದ ಸುದ್ದ್ಯಾಗ ಇಂಥಾ ಶಬ್ದ ಯಾಕ ಬರ್ತಾವ ಅಂತ ಕಿವಿ ನೆಟ್ಟಗ ಆದ್ವು.

ಆಟ ಹೆಂಗಂತ ಎರಡು ಮಾತು ಹೇಳಿ ಮುಂದ ಹೋಗ್ತೇನಿ. ಒಂದ ಕಡೆ 15 ಮಂದಿ, ಆಡೂದು 80 ನಿಮಿಷ. ಚಂಡು ತತ್ತಿ ಆಕಾರದ್ದು. ಎದುರಿನವರ ಗೆರಿ ದಾಟಿ ಚಂಡು ನೆಲಕ್ಕ ಹಚ್ಚಿದ್ರ 5 ಅಂಕ. ಮಜಾ ಏನಂದ್ರ, ಚಂಡು ತೊಗೊಂಡು ಮುಂದ ಓಡಬಹುದು, ಆದ್ರ ಕೈಲೆ ಒಗೀಬೇಕಂದ್ರ ಮುಂದಕ್ಕ ಒಗಿಯೂ ಹಂಗಿಲ್ಲ, ಪಕ್ಕಕ್ಕೋ ಹಿಂದಕ್ಕೋ ಇದ್ದವರಿಗೆ ಕೊಡಬೇಕು. ಬಾಕಿ ಎಲ್ಲಾ ಒಬ್ಬರ ಮ್ಯಾಲ ಒಬ್ಬರು ಬೀಳೂದು. ನೋಡಿದ್ರ ಎದಿ ಝಲ್ ಅಂತದ, ಕೂಸಿನ್ನ ಎತ್ತಿಕೊಂಡು ನೋಡೂ ಆಟ ಅಲ್ಲ.

ಮೊದಲ ಮುಳುಗಿದ್ದು ವೂಸ್ಟರ್ ಊರಿನ ಕ್ಲಬ್ಬು, ವೂಸ್ಟರ್ ವಾರಿಯರ್ಸ್. ಇಂಗ್ಲೀಷಿನಾಗ ಒಂಬತ್ತು ಅಕ್ಷರ ಬರದು ವೂಸ್ಟರ್ ಅಂತ ಓದ್ತಾರ, ಉಳದ ಅಕ್ಷರ ಯಾರಿಗೆ ಬೇಕೋ! ಸಾಸ್ ಬಾಟ್ಲಿ ಮ್ಯಾಲ ಈ ಊರಿನ ಹೆಸರು ನೋಡಿರ್ತೀರಿ. (ಆ ಸಾಸಿನಾಗ ಮೀನು ಹಾಕಿರ್ತಾರ, ಶಾಕಾಹಾರದವರು ಲೇಬಲ್ ಓದಿ ತೊಗೊಳ್ರಿ.) ಆ ಕ್ಲಬ್ಬಿಗೆ ಎರಡೂವರಿ ಕೋಟಿ ಪೌಂಡಿಗೂ ಮ್ಯಾಲ ಸಾಲ ಆಗಿತ್ತು. ಅದರಾಗ ಸರಕಾರಕ್ಕ ಕಟ್ಟಬೇಕಾದ ತೆರಿಗಿನ ಸುಮಾರು 60 ಲಕ್ಷ ಪೌಂಡು. ನಮ್ಮ ರೂಪಾಯಿ ಲೆಕ್ಕದಾಗ ಬರೇ ತೆರಿಗಿ ಬಾಕೀನ 50 ಕೋಟಿ ದಾಟ್ತದ. ನೋಡ್ರಿ, ಕಿರಾಣಿ ಅಂಗಡಿ ಉದ್ರಿ ಒಂದು ತರಾ, ಸರಕಾರದ ಉದ್ರಿ ಇನ್ನೊಂದು ತರಾ. ನೌಕರರ ಪಗಾರದಾಗ ಹಿಡಕೊಂಡ ತೆರಿಗಿ ಇರ್ತದಲ್ಲ, ಅದು ಮಾಲಕರ ರೊಕ್ಕ ಅಲ್ಲ. ಇನ್ನೊಬ್ಬರದು ಇಸಗೊಂಡು ಮುಟ್ಟಸಬೇಕಾದ್ದು. ಅದನ್ನ ಮುಟ್ಟಸಲಿಕ್ಕೆ ಆಗವಲ್ಲದು ಅಂದ್ರ ಮನ್ಯಾಗಿನ ಡಬ್ಬಿ ಎಲ್ಲಾ ಖಾಲಿ ಆಗ್ಯಾವ ಅಂತ ಅರ್ಥ.

ಆಗಸ್ಟ್ ತಿಂಗಳ ಪಗಾರ ತಡಾ ಆತು, ಆಫೀಸಿನ ಮಂದಿಗೆ ಪೂರ್ತಿ ಸಿಗಲಿಲ್ಲ. ಆದ್ರೂ ಅವರು ಬಂದು ಕೆಲಸಾ ಮಾಡಿದ್ರು. ಇದನ್ನ ಓದಿ ನನಗ ಭಾಳ ಹೊತ್ತು ಬ್ಯಾರೆ ಏನೂ ತೋಚಲಿಲ್ಲ. ಅರ್ಧಾ ಪಗಾರ ತೊಗೊಂಡು ಮೈದಾನ ಸಜ್ಜ ಮಾಡಿ, ಟಿಕೀಟು ಹರದು, ಮ್ಯಾಚು ನಡಿಯೂ ಹಂಗ ನೋಡಿಕೊಂಡವರ ಹೆಸರು ಯಾವ ಪೇಪರಿನಾಗೂ ದೊಡ್ಡದಾಗಿ ಬರೂದಿಲ್ಲ. ಸೆಪ್ಟೆಂಬರ್ 24ಕ್ಕ ತಮ್ಮ ಸಿಕ್ಸ್‌ವೇಸ್ ಮೈದಾನದಾಗ ನ್ಯೂಕ್ಯಾಸಲ್ ಮ್ಯಾಲ ವೂಸ್ಟರ್ ಆಡಿತು. ಎಲ್ಲಾರಿಗೂ ಗೊತ್ತಿತ್ತು, ಇದು ಕಡೀದು ಆಗಬಹುದು ಅಂತ. 39–5 ಗೆದ್ದ್ರು! ಆ ಸೀಸನ್ನಿನಾಗ ಅವರ ಮೊದಲನೇ ಗೆಲುವು. ಎರಡ ದಿವಸಕ್ಕ, 26ನೇ ತಾರೀಖಿಗೆ ಕ್ಲಬ್ಬಿನ್ನ ಎಲ್ಲಾ ಆಟದಿಂದ ಅಮಾನತು ಮಾಡಿದ್ರು, ಆಡಳಿತ ಬ್ಯಾರೆಯವರ ಕೈಗೆ ಹೋತು. ಅಕ್ಟೋಬರ್ 5ಕ್ಕ ಆಟಗಾರರದು, ನೌಕರರದು ಕರಾರು ಇದ್ದ ಕಂಪನಿಯನ್ನ ಹೈಕೋರ್ಟ್ ಮುಚ್ಚಿಬಿಟ್ಟಿತು. ಎಲ್ಲಾರ ಕೆಲಸಾನೂ ಒಂದ ದಿವಸದಾಗ ಹೋತು.

ಇನ್ನ ನನ್ನ ಸಿಟ್ಟಿನ ಮಾತು ಕೇಳ್ರಿ. ಆಮ್ಯಾಲೆ ಲೀಗಿನವರು ಏನು ಮಾಡಿದ್ರು ಗೊತ್ತದನು? ವೂಸ್ಟರ್ ಆಡಿದ ಮ್ಯಾಚುಗಳ ಲೆಕ್ಕಾನ ಅಳಿಸಿ ಹಾಕಿದ್ರು. ಉಳದ ತಂಡಗಳ ಅಂಕ ಸರಿಸಮ ಆಗಬೇಕಲ್ಲ, ಅದಕ್ಕ. ನ್ಯಾಯದ ಪ್ರಕಾರ ಅದು ಸರಿನ ಇರಬಹುದು. ಆದ್ರ ಆ 39–5 ಸುಳ್ಳಾತೇನು? ನನ್ನ ಖರ್ಚಿನ ವಹ್ಯಾಗ ಬ್ಯಾಡಾದ ಲೆಕ್ಕಕ್ಕ ನಾ ಒಂದು ಅಡ್ಡಗೆರಿ ಎಳೀತೇನಿ, ಹಾಳಿ ಹರಿಯೂದಿಲ್ಲ. ಅಂಕ ಕೊಡಬ್ಯಾಡ್ರಿ, ಆದ್ರ ಆ ವರ್ಷದ ಪಟ್ಟಿ ಕೆಳಗ ಇಂಥಾ ದಿವಸ ಇವರು ಹಿಂಗ ಗೆದ್ದ್ರು ಅಂತ ಒಂದು ಸಾಲು ಇರಬೇಕಿತ್ತು. ಪೂರ್ತಿ ಪಗಾರ ಇಲ್ಲದ ಕೆಲಸಾ ಮಾಡಿದವರ ಕಣ್ಣಮುಂದ ಆದ ಗೆಲುವು ಅದು. ಈಗ ಪಟ್ಟಿ ತಗದು ನೋಡಿದ್ರ 11 ತಂಡ, ಎಲ್ಲಾರೂ 20 ಮ್ಯಾಚು ಆಡ್ಯಾರ, ಎಲ್ಲಾ ನೀಟಾಗಿ ಅದ. ಎರಡು ತಂಡ ಇದ್ದವೋ ಇಲ್ಲೋ ಅನ್ನೂ ಹಂಗ.

ಎರಡನೇದು ಯಾವುದಂದ್ರ ನಾವಿದ್ದ ಕಾವೆಂಟ್ರಿದ ವಾಸ್ಪ್ಸ್. ವಾಸ್ಪ್ ಅಂದ್ರ ಕಣಜದ ಹುಳ, ಅಂಗಿನೂ ಅದರಂಗ ಕಪ್ಪು, ಹಳದಿ. 1867ರಾಗ ಸುರುವಾದ ಕ್ಲಬ್ಬು, ಆರು ಸಲ ಇಂಗ್ಲಂಡಿನ ಚಾಂಪಿಯನ್, 2004 ಮತ್ತ 2007ರಾಗ ಯುರೋಪಿನ ಚಾಂಪಿಯನ್. ಇವರದೊಂದು ಹಳೇ ಕಥಿ ಹೇಳ್ತಾರ. 1871ರಾಗ ಇಂಗ್ಲಂಡಿನ ರಗ್ಬಿ ಸಂಘ ಕಟ್ಟಲಿಕ್ಕೆ ಮೀಟಿಂಗ್ ಕರದಾಗ ಇವರ ಪ್ರತಿನಿಧಿ ತಪ್ಪು ಜಾಗಾಕ್ಕ ಹೋಗಿ ಕೂತನಂತ, ಹಿಂಗಾಗಿ ಸಂಘ ಕಟ್ಟಿದವರ ಪಟ್ಟ್ಯಾಗ ಇವರ ಹೆಸರಿಲ್ಲ. ಲಗ್ನಕ್ಕಂತ ಹೋಗಿ ಬ್ಯಾರೆ ಕಲ್ಯಾಣಮಂಟಪದಾಗ ಊಟಾ ಮಾಡಿ ಬಂದವರ ಕಥಿ ನಮ್ಮಲ್ಲೂ ಇರ್ತಾವಲ್ಲ, ಹಂಗ.

ಇವರು ಮೂಲದಾಗ ಲಂಡನ್ನಿನವರು. ಆಮ್ಯಾಲೆ ಹೈ ವಿಕಂಬ್ ಅನ್ನೂ ಊರಾಗ ಇದ್ರು. 2014ರ ಡಿಸೆಂಬರಿನಾಗ ಗಂಟುಮೂಟಿ ಕಟ್ಟಿಕೊಂಡು ನೂರು ಕಿಲೋಮೀಟರಿಗಿಂತ ದೂರ ಕಾವೆಂಟ್ರಿಗೆ ಬಂದ್ರು. ಯಾಕಂದ್ರ ಅಲ್ಲೊಂದು ದೊಡ್ಡ ಸ್ಟೇಡಿಯಂ ಸಿಕ್ಕಿತ್ತು. ಬಾಡಗಿ ಮನ್ಯಾಗ ಎಷ್ಟ ದಿನ ಇರೂದು, ಸ್ವಂತದ್ದು ಇದ್ರ ಅದರಿಂದ ನಾಕು ದುಡ್ಡು ಬರ್ತದ ಅನ್ನೂ ವಿಚಾರ. ಈ ವಿಚಾರಕ್ಕ ನಾ ಹೆಸರಿಡೂದಿಲ್ಲ. ನಾವೂ ಹಂಗ ವಿಚಾರ ಮಾಡಿನ ಮನಿ ಕಟ್ಟಿಸಿದ್ದು. ಆದ್ರ ಅದಕ್ಕ ರೊಕ್ಕಾ ಎಬ್ಬಿಸಿದ ರೀತಿ ನೋಡ್ರಿ. 2015ರಾಗ ಬಾಂಡ್ ಹೊರಡಿಸಿ ಮೂರೂವರಿ ಕೋಟಿ ಪೌಂಡು ಎತ್ತಿದ್ರು. ಅವತ್ತಿನ ಲೆಕ್ಕದಾಗ ನಮ್ಮ 300 ಕೋಟಿ ರೂಪಾಯಿಗೂ ಮ್ಯಾಲ. ಬಡ್ಡಿ ನೂರಕ್ಕ ಆರೂವರಿ, ಏಳು ವರ್ಷಕ್ಕ, 2022ರ ಮೇ ತಿಂಗಳಿಗೆ ಅಸಲು ಪೂರಾ ವಾಪಸ್. ಬಾಂಡ್ ಕೊಂಡವರಾಗ ಕ್ಲಬ್ಬಿನ ಅಭಿಮಾನಿಗಳೂ ಇದ್ರು. ನಮ್ಮ ತಂಡ, ನಮ್ಮ ಮೈದಾನ ಅಂತ ಪ್ರೀತಿಲೆ ಹಾಕಿದ ರೊಕ್ಕ.

ನಾ ಕ್ಯಾಲೆಂಡರ್ ಹಿಂದ ಪೆನ್ಸಿಲಿನಿಂದ ಲೆಕ್ಕಾ ಹಾಕಿದೆ. ವರ್ಷಕ್ಕ ಬರೇ ಬಡ್ಡೀನ ಇಪ್ಪತ್ತೆರಡೂಮುಕ್ಕಾಲು ಲಕ್ಷ ಪೌಂಡು. ಏಳು ವರ್ಷ ಕಟ್ಟಿದ್ರ ಒಂದೂವರಿ ಕೋಟಿ ಪೌಂಡಿಗೂ ಮ್ಯಾಲ ಬಡ್ಡಿಗೆ ಹೋತು, ಅಸಲು ಹಂಗ ಉಳೀತು. ಬ್ಯಾಂಕಿನ ಮನಿ ಸಾಲದಾಗ ತಿಂಗಳಾ ಅಸಲು ಒಂದೀಟು ಒಂದೀಟು ಕರಗ್ತದ. ಇದರಾಗ ಕರಗಂಗಿಲ್ಲ. ಕಡೇ ದಿವಸ ಎಲ್ಲಾ ಒಮ್ಮೆಲೇ ಕಟ್ಟಬೇಕು. ಕಡೇ ದಿವಸ ಬಂತು, ರೊಕ್ಕಾ ಇರಲಿಲ್ಲ. ಬ್ಯಾರೆ ಸಾಲಾ ಮಾಡಿ ಈ ಸಾಲಾ ತೀರಸಬೇಕು ಅಂತ ಓಡ್ಯಾಡಿದ್ರು, ಸಿಗಲಿಲ್ಲ. ತೆರಿಗಿ ಇಲಾಖೆಗೂ ಸುಮಾರು 20 ಲಕ್ಷ ಪೌಂಡು ಬಾಕಿ. ಅಕ್ಟೋಬರ್ 17ಕ್ಕ ಬಾಗಿಲು ಹಾಕಿದ್ರು. 167 ಮಂದಿ ಆಟಗಾರರು, ನೌಕರರು ಅವತ್ತ ಕೆಲಸಾ ಕಳಕೊಂಡ್ರು. ಬಾಂಡ್ ತೊಗೊಂಡವರಿಗೆ ಪೂರ್ತಿ ಅಸಲು ವಾಪಸ್ ಬರಲಿಲ್ಲ.

ಪಕ್ಕದ ಮನಿ ಅಜ್ಜಿ ಒಬ್ಬಾಕಿ ಆ ತಂಡದ ಅಭಿಮಾನಿ. ಅರಿವಿ ಒಣಗ ಹಾಕಲಿಕ್ಕೆ ಹಿತ್ತಲಕ್ಕ ಹೋದಾಗ ಬೇಲಿ ಆಚೆ ನಿಂತು ಮಾತಾಡತಿದ್ಲು, ನನಗ ಅರ್ಧಾ ತಿಳೀತಿತ್ತು, ಉಳದರ್ಧ ಮಗಳು ಹೇಳ್ತಿದ್ಲು. ಅವತ್ತ ಆಕಿ ಆಟಗಾರರ ಬಗ್ಗೆ ಒಂದ ಮಾತೂ ಆಡಲಿಲ್ಲ. ಟಿಕೀಟ್ ಖಿಡಕ್ಯಾಗ ಕೂಡೂ ಹುಡಿಗಿದು ಇನ್ನ ಹೆಂಗ ಅಂತ ಕೇಳಿದ್ಲು. ನಾನೂ ಅದನ್ನ ಕೇಳ್ತೇನಿ. ವಾಸ್ಪ್ಸಿನ ಜ್ಯಾಕ್ ವಿಲ್ಲಿಸ್ ಅನ್ನೂ ಆಟಗಾರ ಫ್ರಾನ್ಸಿನ ತುಲೂಸ್ ಕ್ಲಬ್ಬಿಗೆ ಹೋದ, ಅದೇ ಸೀಸನ್ನಿನಾಗ ಅಲ್ಲೇ ಚಾಂಪಿಯನ್ ಆದ. ವೂಸ್ಟರಿನ ಆಲಿ ಲಾರೆನ್ಸ್, ಟೆಡ್ ಹಿಲ್ ಇಬ್ಬರಿಗೂ ಬಾತ್ ಕ್ಲಬ್ಬಿನಾಗ ಜಾಗಾ ಸಿಕ್ತು. ಛಲೋನ ಆತು, ಆಟ ಬಲ್ಲವರು, ಸಿಗಲಿ. ಆದ್ರ ಅಂಗಿ ಒಗಿಯಾಕಿನ್ನ, ಲೆಕ್ಕಾ ಬರಿಯಾಕಿನ್ನ ಫ್ರಾನ್ಸಿನಿಂದ ಯಾರೂ ಕರಿಲಿಕ್ಕೆ ಬರೂದಿಲ್ಲ.

ನಮ್ಮನಿಯವರಿಗೆ ಫೋನಿನಾಗ ಇದನ್ನೆಲ್ಲಾ ಹೇಳಿದ್ರ, ಅಯ್ಯ, ಕೋವಿಡ್ಡಿನಾಗ ಎಂತೆಂಥಾ ಅಂಗಡಿ ಮುಚ್ಚ್ಯಾವ, ಇವೇನು ಮಹಾ ಅಂದ್ರು. ಕೋವಿಡ್ ಹೊಡತ ಕೊಟ್ಟದ್ದು ಖರೇ. ಮಂದೀನ ಇಲ್ಲದ ಮ್ಯಾಚು ಆಡಿದ್ರು, ಸರಕಾರ ಸಾಲಾ ಕೊಡ್ತು, ಆ ಸಾಲಾನೂ ತಲಿ ಮ್ಯಾಲ ಬಂತು. ಆದ್ರ ಕೋವಿಡ್ ಬರೂಕಿಂತ ಮೊದಲನೂ ಈ ಕ್ಲಬ್ಬುಗಳಾಗ ಹೆಚ್ಚಿನವು ವರ್ಷಾ ನುಕ್ಸಾನದಾಗನ ನಡೀತಿದ್ವು. ಹೆಂಗ ನಡೀತಿದ್ವು ಅಂದ್ರ, ಒಬ್ಬ ಶ್ರೀಮಂತ ಮಾಲಕ ವರ್ಷದ ಕಡೀಗೆ ಕಿಸೇದಾಗಿಂದ ತಗದು ತೂತು ಮುಚ್ಚತಿದ್ದ. ಅಂವಗ ಸಾಕಾತು ಅಂದ್ರ ಮುಗೀತು. 2018ರಾಗ ಲೀಗಿನವರು ಸೀವೀಸಿ ಅನ್ನೂ ಹೂಡಿಕೆ ಕಂಪನಿಗೆ ತಮ್ಮ ವ್ಯವಹಾರದಾಗಿನ ನೂರಕ್ಕ 27 ಪಾಲು ಮಾರಿ, ಬಂದ ರೊಕ್ಕಾ ಹಂಚಿಕೊಂಡ್ರು. ಸುಮಾರು 20 ಕೋಟಿ ಪೌಂಡು! ಪೀಕು ಹೊಲದಾಗ ಇರೂಮುಂದನ ದಲಾಲಿಗೆ ಮಾರಿದಂಗ ಆತು. ಇವತ್ತು ಕೈತುಂಬ ರೊಕ್ಕ, ನಾಳೆ ಬರೂ ಆದಾಯದಾಗ ಪಾಲು ಕಡಿಮಿ.

ಅದಕ್ಕ ನಾ ಮೊದಲ ಹೇಳಿದ್ದು, ಖರ್ಚಿಗೆ ಮಿತಿ, ಸಾಲಕ್ಕ ಇಲ್ಲ ಅಂತ. ಈ ಲೀಗಿನಾಗ ಆಟಗಾರರ ಪಗಾರಕ್ಕ ಒಂದು ಮಿತಿ ಅದ. ಆ ಸೀಸನ್ನಿನಾಗ ಕ್ಲಬ್ಬಿಗೆ 50 ಲಕ್ಷ ಪೌಂಡು, ಮ್ಯಾಲ ಒಂದಿಷ್ಟು ರಿಯಾಯ್ತಿ. ಈ ಮಿತಿ ಮುರದದ್ದಕ್ಕ 2019ರಾಗ ಸಾರಸೆನ್ಸ್ ಕ್ಲಬ್ಬಿಗೆ 50 ಲಕ್ಷ ಪೌಂಡಿಗೂ ಮ್ಯಾಲ ದಂಡ ಹಾಕಿದ್ರು, 35 ಅಂಕ ಕತ್ತರಿಸಿದ್ರು, ಕಡೀಗೆ ಕೆಳಗಿನ ದರ್ಜೆಗೆ ದಬ್ಬಿದ್ರು. ಅಂದ್ರ ಕಟ್ಟುನಿಟ್ಟು ಮಾಡಲಿಕ್ಕೆ ಇವರಿಗೆ ಬರ್ತದ. ಹಂಗಿದ್ರ ನೀವು ಕೊಡೂ ಪಗಾರಕ್ಕ ನಿಮ್ಮ ಹತ್ರ ರೊಕ್ಕಾ ಎಲ್ಲಿಂದ ಬರ್ತದ ಅಂತ ಒಂದ ಪ್ರಶ್ನೆ ಯಾಕ ಕೇಳಲಿಲ್ಲ? ನೀ ಸೀರಿಗೆ ಐದು ಸಾವಿರಕ್ಕಿಂತ ಹೆಚ್ಚು ಹಾಕಬ್ಯಾಡ ಅಂತ ಹೇಳಿ, ಆ ಐದು ಸಾವಿರ ಸಾಲಾ ತಂದದ್ದೋ ಗಳಿಸಿದ್ದೋ ಅಂತ ಕೇಳದ ಅತ್ತಿ ಇದ್ದಂಗ. 2023ರ ಜನವರ್ಯಾಗ ಅಲ್ಲಿ ಪಾರ್ಲಿಮೆಂಟಿನ ಸಮಿತಿನೂ ರಗ್ಬಿ ಸಂಘಕ್ಕ, ಲೀಗಿಗೆ ಇಬ್ಬರಿಗೂ ಸರೀಯಾಗಿ ಛೀಮಾರಿ ಹಾಕಿತು. ಹಾಕಿದ್ದು ಛಲೋನ. ಆದ್ರ ಅಷ್ಟೊತ್ತಿಗೆ ಎರಡು ಕ್ಲಬ್ಬು ಹೋಗಿ ಮೂರು ತಿಂಗಳ ಆಗಿತ್ತು.

ಉಳದವರಿಗೂ ಪೆಟ್ಟು ಬಿತ್ತು, ಅದರ ಲೆಕ್ಕಾನೂ ಸರಳ ಅದ. 13 ತಂಡ ಇದ್ರ ಒಬ್ಬೊಬ್ಬರು ತಮ್ಮ ಊರಾಗ 12 ಲೀಗ್ ಮ್ಯಾಚು ಆಡಬೇಕು. 11 ತಂಡ ಉಳದ್ರ ಬರೇ 10. ಟಿಕೀಟು, ಚಹಾ, ತಿಂಡಿ, ಅಂಗಿ, ಟೊಪಗಿ ಮಾರೂದು ಎಲ್ಲಾ ಆ ದಿವಸನ. ವರ್ಷಕ್ಕ ಹನ್ನೆರಡು ಸಂತಿ ನಂಬಿದವಗ ಎರಡು ಸಂತಿ ಇಲ್ಲ ಅಂದಂಗ ಆತು. ಪಗಾರ ಮಾತ್ರ ಹನ್ನೆರಡೂ ತಿಂಗಳ ಕೊಡಬೇಕು. ನೆರಿಮನಿ ದಿವಾಳಿ ಎದ್ರ ನಮಗೇನು ಅನ್ನಲಿಕ್ಕೆ ಬರೂದಿಲ್ಲ, ಆಟದಾಗ ಎದುರಾಳಿ ಇದ್ರನ ತನ್ನ ಹೊಟ್ಟಿ ತುಂಬೂದು.

ಹೆಣ್ಣಮಕ್ಕಳ ಮಾತು ಬಿಟ್ಟೆ ಅನ್ಕೋಬ್ಯಾಡ್ರಿ, ಅದು ನನಗ ಎಲ್ಲಾಕಿಂತ ಚುಚ್ಚಿದ್ದು. ವೂಸ್ಟರಿಗೂ ವಾಸ್ಪ್ಸಿಗೂ ಹೆಣ್ಣಮಕ್ಕಳ ತಂಡ ಇದ್ವು. ಆ ಲೀಗಿನಾಗ ಆಡೂ ಹೆಣ್ಣಮಕ್ಕಳಿಗೆ ಗಂಡಸರಂಗ ದೊಡ್ಡ ಪಗಾರ ಇಲ್ಲ, ಭಾಳ ಮಂದಿ ದಿನಾ ಬ್ಯಾರೆ ನೌಕರಿ ಮಾಡಿ ಸಂಜೀಕೆ ಪ್ರಾಕ್ಟೀಸಿಗೆ ಬರೂವಂಥವರು. ಆ ಕೋಟಿಗಟ್ಟಲೆ ಸಾಲದಾಗ ಅವರ ಪಾಲು ಎಷ್ಟಿದ್ದೀತು ನೀವ ಹೇಳ್ರಿ. ಆದ್ರ ವೂಸ್ಟರ್ ಅಮಾನತು ಆದಾಗ ಅವರ ಆಟಾನೂ ಅದರ ಸಂಗತೀನ ನಿಂತ್ತು. ಆಮ್ಯಾಲೆ ಹೊರಗಿನ ಕಂಪನಿಯೊಂದು ರೊಕ್ಕಾ ಕೊಟ್ಟು ಆ ವರ್ಷದ ಲೀಗ್ ಆಡಿದ್ರು, ಮುಂದಿನ ವರ್ಷ ಅದೂ ಇಲ್ಲದಂಗ ಆತು. ಹೆಣ್ಣಮಕ್ಕಳ ತಂಡದ ಲೆಕ್ಕದ ವಹಿ ಬ್ಯಾರೆ ಇರಬೇಕು, ರೊಕ್ಕಾನೂ ಬ್ಯಾರೆ ಖಾತ್ಯಾಗ ಇರಬೇಕು. ಈ ಮಾತಿನಾಗ ನಾ ಯಾರ ಸಂಗತೀನೂ ರಾಜಿ ಆಗೂದಿಲ್ಲ. ಸಾಸಿವಿ ಡಬ್ಬ್ಯಾಗ ನಮ್ಮದು ಅಂತ ನಾಕು ನೋಟು ಇಟ್ಟುಕೊಂಡ ಹೆಂಗಸರಿಗೆ ಇದನ್ನ ಬಿಡಿಸಿ ಹೇಳೂ ಅಗತ್ಯ ಇಲ್ಲ.

ಆ ಮ್ಯಾಲೆ ನಾ ಊರಿಗೆ ಬಂದೆ, ಸುದ್ದಿ ಮಗಳು ಕಳಸ್ತಿದ್ಲು. 2023ರ ಮೇ 27ಕ್ಕ ಲಂಡನ್ನಿನ ಟ್ವಿಕನಂ ಮೈದಾನದಾಗ ಫೈನಲ್ ಆತು. ಸೇಲ್ ಶಾರ್ಕ್ಸ್ ಮ್ಯಾಲ ಸಾರಸೆನ್ಸ್ 35–25 ಗೆದ್ದ್ರು, ಹಿಂದ ದಂಡ ಕಟ್ಟಿದ್ದ ಅದೇ ಸಾರಸೆನ್ಸು. ಪಟಾಕಿ, ಕಪ್ಪು, ಫೋಟೋ ಎಲ್ಲಾ ಆತು.

ಹತ್ತು ದಿವಸಕ್ಕ ಮೂರನೇದು. ಲಂಡನ್ ಐರಿಶ್. 1898ರಾಗ ಲಂಡನ್ನಿನಾಗ ಇದ್ದ ಐರ್ಲಂಡಿನ ಮಂದಿ ಕೂಡಿ ಕಟ್ಟಿದ ಕ್ಲಬ್ಬು. ಊರು ಬಿಟ್ಟು ಬಂದವರು ಒಂದ ಕಡೆ ಕೂಡಲಿಕ್ಕೆ ಕಟ್ಟಿಕೊಂಡದ್ದು, ನಮ್ಮವರು ಹೋದಲ್ಲೆಲ್ಲಾ ಕನ್ನಡ ಸಂಘ ಕಟ್ಟತಾರಲ್ಲ ಹಂಗ. ಆ ಸೀಸನ್ನಿನಾಗ ಐದನೇ ಜಾಗಾಕ್ಕ ಬಂದಿದ್ರು, ಛಲೋನ ಆಡಿದ್ರು. ಸಾಲ ಮಾತ್ರ 3 ಕೋಟಿ ಪೌಂಡಿನ ಆಜೂಬಾಜೂ. ಅಮೇರಿಕಾದವರು ಯಾರೋ ಕೊಳ್ಳತಾರ ಅಂತ ಕಾದ್ರು, ಗಡುವು ಒಂದ ಸಲ ಮುಂದ ಹಾಕಿದ್ರು, ಅವರು ಬರಲಿಲ್ಲ. ಜೂನ್ 6ಕ್ಕ ಅಮಾನತು. ಛಲೋ ಆಡಿದ್ರ ಮನಿ ಉಳೀತದ ಅನ್ನೂದೂ ಸುಳ್ಳಾತು.

ನನ್ನ ಕೇಳಿದ್ರ, ಸೀಸನ್ ಸುರು ಆಗೂಕಿಂತ ಮೊದಲು ಒಂದೊಂದು ಕ್ಲಬ್ಬೂ ನೌಕರರ ಆರು ತಿಂಗಳ ಪಗಾರ ಬ್ಯಾಂಕಿನಾಗ ತಗದಿಟ್ಟು ಚೀಟಿ ತೋರಿಸಬೇಕು. ಆಟಗಾರರದಲ್ಲ, ಮೊದಲ ನೌಕರರದು. ಹಿಡಕೊಂಡ ತೆರಿಗಿ ಅದೇ ತಿಂಗಳ ಕಟ್ಟಿದ ರಸೀದಿ ಲೀಗಿಗೆ ಹೋಗಬೇಕು. ಇಲ್ಲಾಂದ್ರ ಮೈದಾನಕ್ಕ ಇಳಿಯೂ ಹಂಗಿಲ್ಲ. ಹಂಗ ಮಾಡಿದ್ರ ದೊಡ್ಡ ಆಟಗಾರರೆಲ್ಲಾ ಫ್ರಾನ್ಸಿಗೆ ಹೋಗ್ತಾರ ಅಂತ ಅಳಿಯಂದ್ರು ಅಂದ್ರು. ಹೋಗಲಿ ಬಿಡ್ರಿ. ಸಾಲಾ ಮಾಡಿ ಇಟ್ಟುಕೊಂಡ್ರೂ ಕಡೀಗೆ ಹೋದದ್ದು ಅಲ್ಲಿಗೇ ಅಲ್ಲೇನು?

ಈಗ ಲೀಗಿನಾಗ 10 ಕ್ಲಬ್ಬು ಅವ. 2025ರಾಗ ನ್ಯೂಕ್ಯಾಸಲ್ ಕ್ಲಬ್ಬಿನ್ನ ಆ ತಂಪು ಡ್ರಿಂಕಿನ ರೆಡ್ ಬುಲ್ ಕಂಪನಿ ಕೊಂಡದ, ಹೆಸರೂ ಬದಲ ಮಾಡ್ಯಾರ. ಮತ್ತ ಒಂದ ದೊಡ್ಡ ಕಿಸೆ ನಂಬಿದ್ದ ಆತು, ನೋಡೂಣು. ವಾಸ್ಪ್ಸ್, ಲಂಡನ್ ಐರಿಶ್ ಎರಡೂ ಇನ್ನೂ ಬಂದಿಲ್ಲ. ವೂಸ್ಟರ್ ಮಾತ್ರ 2025ರ ಸೀಸನ್ನಿನಿಂದ ಎರಡನೇ ದರ್ಜೆ ಲೀಗಿನಾಗ ಮತ್ತ ಆಡಲಿಕ್ಕೆ ಹತ್ಯದ, ಅದೇ ಸಿಕ್ಸ್‌ವೇಸ್ ಮೈದಾನದಾಗ. ಅವರ ಮ್ಯಾಚಿದ್ದ ದಿವಸ ನನಗ ಸ್ಕೋರ್ ಕಳಸು ಅಂತ ಮಗಳಿಗೆ ಹೇಳೇನಿ. ಪಗಾರ ತಾರೀಖಿಗೆ ಸರೀಯಾಗಿ ಆಗಲಿಕ್ಕೆ ಹತ್ಯದೋ ಇಲ್ಲೋ, ಅದನ್ನೂ ಪೇಪರಿನಾಗ ನೋಡಿ ತಿಳಸು ಅಂದೇನಿ.